ಅಳತೆ ಓದದೆ ಅಳಿಸಿದ ಡಿಸ್ಕು

ಮಾನ್ಯ ಅಧ್ಯಕ್ಷರೇ, ಪ್ರಾಂಶುಪಾಲರೇ, ಲಕ್ಷಗಟ್ಟಲೆ ಜನರ ಫೋನಿನೊಳಗೆ ದಿನವೂ ಹೋಗಿ ಬರುವ ಮುಖ್ಯ ಅತಿಥಿಗಳೇ, ಆಫೀಸಿನ ನನ್ನ ಸಹೋದ್ಯೋಗಿಗಳೇ, ಮಕ್ಕಳನ್ನು ನಂಬಿ ಇಲ್ಲಿಗೆ ಕಳಿಸಿದ ತಂದೆತಾಯಿಯರೇ, ಹಿಂದಿನ ಸಾಲಿನಲ್ಲಿ ಕೂತರೆ ಲ್ಯಾಬ್ ಅಮ್ಮನಾದ ನನ್ನ ಕಣ್ಣಿಗೆ ಬೀಳುವುದಿಲ್ಲ ಎಂದುಕೊಂಡಿರುವ ವಿದ್ಯಾರ್ಥಿಗಳೇ, ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಅದರಲ್ಲಿ ಮೊದಲನೆಯ ನಿಮಿಷ ಈ ಸಂಸ್ಥೆ ಅಚ್ಚು ಹಾಕಿಸಿದ ಪರಿಚಯ ಪುಸ್ತಕಕ್ಕೆ.

ನಾಲ್ಕು ವಿದ್ಯಾರ್ಥಿಗಳಿಗೆ ಒಂದು ಕ್ಯಾಮೆರಾ ಎಂದು ಬರೆಯಲಾಗಿತ್ತು. ಹನ್ನೊಂದು ಜನರಿಗೆ ಒಂದು ಸಿಕ್ಕಿತು. ಪ್ರತಿಯೊಬ್ಬರಿಗೂ ಒಂದು ಸಂಕಲನ ಯಂತ್ರ ಎಂದು ಬರೆಯಲಾಗಿತ್ತು. ಎರಡು ತಂಡಗಳು ಒಂದೇ ಯಂತ್ರದಲ್ಲಿ ಪಾಳಿ ಹಾಕಿಕೊಂಡು ಕೂತವು. ಶಬ್ದ ಮುದ್ರಣಕ್ಕೆ ಗೋಡೆಗೆ ಮೆತ್ತೆ ಹಾಕಿದ ಕೋಣೆ ಎಂದಿತ್ತು; ಆ ಕೋಣೆಯಲ್ಲಿ ಈಗ ಹಳೆಯ ಕುರ್ಚಿಗಳಿವೆ. ಓದು ಮುಗಿಸುವವರ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ಹೊರಗಿನವರಿಗೆ ತೋರಿಸುತ್ತೇವೆ ಎಂದಿದ್ದರು. ಎರಡು ವರ್ಷದಿಂದ ತೋರಿಸಿಲ್ಲ. ಹನ್ನೊಂದನೆಯ ಪುಟದಲ್ಲಿ ಇನ್ನೊಂದು ಸಾಲಿದೆ, ಅದನ್ನು ಇದ್ದಂತೆಯೇ ಓದುತ್ತೇನೆ: "ವಿದ್ಯಾರ್ಥಿಗಳು ಚಿತ್ರೀಕರಿಸಿದ ಮೂಲ ದೃಶ್ಯಗಳನ್ನು ಸಂಸ್ಥೆಯು ಒಂದು ವರ್ಷ ಕಾಲ ಜೋಪಾನವಾಗಿ ಕಾಯುವುದು." ಒಂದು ವರ್ಷ. ನಾವು ಕಾದದ್ದು ಐದು ವಾರ.

ಕಾಯಬೇಕಾಗಿದ್ದವಳು ನಾನು. ಅಳಿಸಿದವಳೂ ನಾನೇ.

ಇದನ್ನು ಇಲ್ಲಿ ಯಾಕೆ ಹೇಳುತ್ತಿದ್ದೀರಿ ಎಂದು ಕೇಳುತ್ತೀರಿ. ಬೀಳ್ಕೊಡುಗೆಯ ದಿನ, ಎದುರಿಗೆ ಹೂವಿನ ಕುಂಡ, ಕೈಯಲ್ಲಿ ಸನ್ಮಾನ ಪತ್ರ, ಆ ಪತ್ರದಲ್ಲಿ "ಮಾತೃಹೃದಯಿ" ಎಂಬ ಪದ ಎರಡು ಸಲ. ಬೇರೆ ಎಲ್ಲಿ ಹೇಳಲಿ? ಡಿಸ್ಕು ಸಾಲದೆಂದು ಆಫೀಸಿಗೆ ಮೂರು ಸಲ ಬರೆದು ಕೊಟ್ಟೆ, ಉತ್ತರ ಬರಲಿಲ್ಲ. ಇವತ್ತು ಮೈಕನ್ನು ನೀವೇ ಕೈಗೆ ಕೊಟ್ಟಿದ್ದೀರಿ. ಎರಡನೆಯ ಕ್ಯಾಮೆರಾದ ಹುಡುಗಿ, ನನ್ನ ತಲೆಯ ಮೇಲೆ ಅಷ್ಟು ಜಾಗ ಬಿಟ್ಟಿದ್ದೀಯಲ್ಲ, ಅಲ್ಲೇನು ಹಕ್ಕಿ ಬಂದು ಕೂರಬೇಕೇ? ಸ್ವಲ್ಪ ಹತ್ತಿರ ಬಾ. ಈ ಕಾರ್ಯಕ್ರಮ ನೇರ ಪ್ರಸಾರವಾಗುತ್ತಿದೆ ಎಂದು ಬೆಳಗ್ಗೆ ಹೇಳಿದರು. ಒಳ್ಳೆಯದಾಯಿತು.

ಮುಖ್ಯ ಅತಿಥಿಗಳು ಈಗತಾನೇ ಚೆನ್ನಾಗಿ ಮಾತಾಡಿದರು. ಕೈಯಲ್ಲಿ ಒಂದು ಫೋನ್, ಮನಸ್ಸಿನಲ್ಲಿ ಒಂದು ಹಟ, ಇಷ್ಟಿದ್ದರೆ ವೃತ್ತಿ ಕಟ್ಟಬಹುದು ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಅವರು ಕಟ್ಟಿದ್ದಾರೆ, ಅದು ಸುಳ್ಳಲ್ಲ. ಆದರೆ ಅವರ ಹಿಂದೆ ಎಷ್ಟು ಜನ ಕೂತು ಕತ್ತರಿಸುತ್ತಾರೆ, ಬಣ್ಣ ತಿದ್ದುತ್ತಾರೆ, ಶಬ್ದ ಸರಿಮಾಡುತ್ತಾರೆ ಎಂದು ಕೇಳಿದರೆ ಅದನ್ನೂ ಹೇಳುತ್ತಿದ್ದರೇನೋ. ಯಾರೂ ಕೇಳಲಿಲ್ಲ. ಈ ಸಭೆಯಲ್ಲಿ ಕೂತಿರುವ ಮಕ್ಕಳಲ್ಲಿ ಮುಕ್ಕಾಲು ಪಾಲು ಆ ಹಿಂದೆ ಕೂರುವವರೇ ಆಗುತ್ತಾರೆ. ನಾನೂ ಅಲ್ಲಿ ಕೂತು ಮುದುಕಿಯಾದವಳು.

ಹತ್ತೊಂಬತ್ತನೆಯ ವಯಸ್ಸಿಗೆ ಫಿಲ್ಮ್ ತೊಳೆಯುವ ಲ್ಯಾಬಿಗೆ ಸೇರಿದೆ. ರಾಸಾಯನಿಕದ ತೊಟ್ಟಿಯಿಂದ ಬಂದ ಫಿಲ್ಮನ್ನು ಒಣಗಿಸಿ, ತುಂಡು ತುಂಡನ್ನು ಅಂಟಿಸುವ ಕೆಲಸ. ಮೂವತ್ತು ಹೆಂಗಸರು, ಒಂದು ಕಿಟಕಿ. ಆ ಕಿಟಕಿಗೂ ಬೆಳಕು ಬಾರದಂತೆ ಕಪ್ಪು ಬಣ್ಣ. ಬೆರಳ ಚರ್ಮ ಸುಲಿದು ಬರುತ್ತಿತ್ತು. ಗ್ಲೌಸು ಕೇಳಿದರೆ, "ಗ್ಲೌಸು ಹಾಕಿಕೊಂಡ್ರೆ ಫಿಲ್ಮು ಜಾರುತ್ತೆ ಕಣ್ರಮ್ಮ" ಅಂದರು. ಗಾಳಿ ಹೊರಗೆ ಎಳೆಯುವ ಫ್ಯಾನು ಕೇಳಿದರೆ, "ನಿಮ್ಮನೇಲಿ ಇದೆಯಾ ಫ್ಯಾನು?" ಅಂದರು. ಹನ್ನೊಂದು ದಿನ ಬಾಗಿಲ ಮುಂದೆ ಕೂತೆವು. ಘೋಷಣೆ ಕೂಗುವವರ ಪಟ್ಟಿಯಲ್ಲಿ ನಾನು ಎರಡನೆಯವಳು. ಮೊದಲನೆಯವಳಿಗೆ ಗಂಟಲು ಕಟ್ಟಿದ ಮೇಲೆ ಒಂದನೆಯವಳಾದೆ. ಹನ್ನೆರಡನೆಯ ದಿನ ಎರಡು ಫ್ಯಾನು ಬಂದವು, ಗ್ಲೌಸೂ ಬಂತು. ಫಿಲ್ಮು ಜಾರಲಿಲ್ಲ.

ಆಮೇಲೆ ಫಿಲ್ಮೇ ಹೋಯಿತು. ಡಿಜಿಟಲ್ ಬಂತು. ಮೂವತ್ತು ಹೆಂಗಸರಲ್ಲಿ ಇಪ್ಪತ್ತೆಂಟು ಜನ ಮನೆಗೆ ಹೋದರು. ನಾನು ಮೌಸ್ ಹಿಡಿದೆ. ಒಂಬತ್ತು ವರ್ಷ ಮದುವೆಯ ವಿಡಿಯೊ ಕತ್ತರಿಸಿದೆ. ಎಷ್ಟೋ ಜನರ ಮದುವೆಯಲ್ಲಿ ಅಳುವ ತಾಯಿಯ ಮುಖದ ಮೇಲೆ ಎಷ್ಟು ಕ್ಷಣ ನಿಲ್ಲಬೇಕು ಎಂದು ನಿರ್ಧಾರ ಮಾಡಿದವಳು ನಾನು. ಆಮೇಲೆ ಇಲ್ಲಿನ ಸಂಕಲನ ಲ್ಯಾಬಿನ ಉಸ್ತುವಾರಿಗೆ ಬಂದೆ. ಇಲ್ಲಿ ಹದಿನೇಳು ವರ್ಷ. ನನ್ನದು ಅಂತ ಒಂದು ಚಿತ್ರ ಮಾಡಲಿಲ್ಲ. ಅದು ಬಿಡಿ, ಅದು ಇವತ್ತಿನ ವಿಷಯವಲ್ಲ.

ವಿಷಯ ಹದಿನೇಳನೆಯ ನಂಬರಿನ ಡಿಸ್ಕು.

ತಂದೆತಾಯಿಯರಿಗೆ ತಿಳಿಯಲಿ ಎಂದು ಹೇಳುತ್ತೇನೆ. ನಿಮ್ಮ ಮಕ್ಕಳು ಕ್ಯಾಮೆರಾದಲ್ಲಿ ಹಿಡಿದದ್ದೆಲ್ಲ ಲ್ಯಾಬಿನ ಹಾರ್ಡ್ ಡಿಸ್ಕಿಗೆ ಬರುತ್ತದೆ. ಅದು ಮೂಲ. ಭಾರಿ ಗಾತ್ರ. ನಮ್ಮ ಯಂತ್ರಗಳು ಹಳೆಯವು, ಮೂಲವನ್ನು ಹಾಕಿದರೆ ಏದುಸಿರು ಬಿಡುತ್ತವೆ. ಅದಕ್ಕೆ ಪ್ರತಿ ದೃಶ್ಯಕ್ಕೂ ಒಂದು ಸಣ್ಣ ಪ್ರತಿ ಮಾಡಿಕೊಳ್ಳುತ್ತೇವೆ. ಹೆಸರು ಅದೇ, ಉದ್ದ ಅದೇ, ಗಾತ್ರ ಮಾತ್ರ ಚಿಕ್ಕದು. ಸಣ್ಣ ಪ್ರತಿಯಲ್ಲಿ ಸಂಕಲನ ಮುಗಿಸಿ, ಕೊನೆಯ ದಿನ ಅದರ ಜಾಗಕ್ಕೆ ಮೂಲವನ್ನು ಜೋಡಿಸಿ, ಪೂರ್ತಿ ಚಿತ್ರವನ್ನು ಹೊರಗೆ ತೆಗೆಯುತ್ತೇವೆ. ಫೋನಿನಲ್ಲಿ ನೋಡಿದರೆ ಎರಡಕ್ಕೂ ಏನೂ ವ್ಯತ್ಯಾಸ ತಿಳಿಯುವುದಿಲ್ಲ. ದೊಡ್ಡ ಪರದೆಗೆ ಹಾಕಿದರೆ ಸಣ್ಣ ಪ್ರತಿ ಚೂರು ಚೂರಾಗುತ್ತದೆ.

ಓದು ಮುಗಿದ ಮೇಲೆ ವಿದ್ಯಾರ್ಥಿ ತನ್ನ ಸ್ವಂತ ಡಿಸ್ಕು ತಂದು ಮೂಲವನ್ನು ತುಂಬಿಕೊಂಡು ಹೋಗಬೇಕು. ಆಗ ಲ್ಯಾಬಿನ ಡಿಸ್ಕು ಖಾಲಿ ಮಾಡುತ್ತೇವೆ. ಖಾಲಿ ಮಾಡುವ ಮೊದಲು ಒಂದು ಪದ್ಧತಿಯಿದೆ. ಪರಿಚಯ ಪುಸ್ತಕದಲ್ಲಿ ಇಲ್ಲ, ನಾನು ಮಾಡಿದ ಪದ್ಧತಿ. ಇಲ್ಲಿ ಕೂತ ಹಳೆಯ ವಿದ್ಯಾರ್ಥಿಗಳಿಗೆಲ್ಲ ಗೊತ್ತು, ನಗುತ್ತಿದ್ದಾರೆ ನೋಡಿ. ಅಳತೆ ಓದುವುದು. ವಿದ್ಯಾರ್ಥಿ ತನ್ನ ಡಿಸ್ಕಿನ ಮುಂದೆ ಕೂರಬೇಕು, ನಾನು ಲ್ಯಾಬಿನ ಡಿಸ್ಕಿನ ಮುಂದೆ. ಅವರು ಗಾತ್ರವನ್ನು ಜಿಬಿ ಲೆಕ್ಕದಲ್ಲಿ ಗಟ್ಟಿಯಾಗಿ ಓದಬೇಕು: ನಾನೂರ ಹನ್ನೆರಡು. ನಾನು ಇಲ್ಲಿಂದ ಓದಬೇಕು: ನಾನೂರ ಹನ್ನೆರಡು. ದೃಶ್ಯಗಳ ಸಂಖ್ಯೆ: ನೂರ ಎಂಬತ್ತಾರು. ನೂರ ಎಂಬತ್ತಾರು. ಎರಡು ಬಾಯಿಂದ ಒಂದೇ ಸಂಖ್ಯೆ ಬಂದರೆ ರಿಜಿಸ್ಟರಿನಲ್ಲಿ ಇಬ್ಬರ ಸಹಿ. ಆಮೇಲೆ ಅಳಿಸುವುದು. "ಏನಮ್ಮಾ, ಮಗ್ಗಿ ಹೇಳಿಸ್ತೀರಾ" ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ. ಹದಿನೇಳು ವರ್ಷದಲ್ಲಿ ಒಂದೇ ಒಂದು ದೃಶ್ಯ ಕಳೆಯಲಿಲ್ಲ.

ಈ ವರ್ಷ ಒಬ್ಬ ಹುಡುಗಿ ಹದಿನಾಲ್ಕು ನಿಮಿಷದ ಚಿತ್ರ ಮಾಡಿದಳು. ಅವಳ ತಾಯಿ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದವರು. ನೆಲಮಾಳಿಗೆಯಲ್ಲಿ ಆ ವಿಭಾಗ. ಕುದಿಯುವ ನೀರಿನ ದೊಡ್ಡ ದೊಡ್ಡ ಡ್ರಮ್ಮುಗಳು, ಹಾಸಿಗೆ ಬಟ್ಟೆಯ ಗುಡ್ಡ, ಇಸ್ತ್ರಿಯ ಉರುಳೆ, ಹನ್ನೆರಡು ಹೆಂಗಸರು. ಆ ವಿಭಾಗವನ್ನು ಮುಚ್ಚಿ ಹೊರಗಿನವರಿಗೆ ಗುತ್ತಿಗೆ ಕೊಡುತ್ತಾರೆಂದು ಗೊತ್ತಾದಾಗ ಅವಳು ಹೋಗಿ ಇಪ್ಪತ್ತಾರು ದಿನ ಚಿತ್ರ ತೆಗೆದಳು. ಅದರಲ್ಲಿ ಹಬೆಯೇ ಒಂದು ಪಾತ್ರ. ಡ್ರಮ್ಮಿನ ಬಾಗಿಲು ತೆರೆದಾಗ ಹಬೆ ಬರುತ್ತದೆ, ಅದರೊಳಗೆ ಆರು ಜನ ಮಾಯವಾಗುತ್ತಾರೆ, ನಿಧಾನವಾಗಿ ಒಂದು ಕೈ ಕಾಣುತ್ತದೆ, ಒಂದು ಮೊಣಕೈ, ಒಂದು ನಗು. ಎಷ್ಟೋ ಸಾವಿರ ಗಂಟೆ ದೃಶ್ಯ ನೋಡಿದ ಕಣ್ಣು ಇದು. ಆ ಕೈ ಕಂಡಾಗ ನಾನು ಕುರ್ಚಿಯ ತುದಿಗೆ ಬಂದಿದ್ದೆ.

ಅದನ್ನು ಅವಳಿಗೆ ಹೇಳಿದೆನೇ? ಇಲ್ಲ. "ಇಲ್ಲಿ ಸ್ವಲ್ಪ ಸಂಗೀತ ಹಾಕಮ್ಮ" ಅಂದೆ.

"ಬೇಡ ಅಮ್ಮಾ. ಡ್ರಮ್ಮಿನ ಸದ್ದೇ ಸಾಕು" ಅಂದಳು.

"ಎರಡು ನಿಮಿಷ ಬರೀ ಗುಡುಗುಡು ಅಂತ ಕೇಳಿಸಿದ್ರೆ ಯಾರು ಕೂರ್ತಾರೆ?"

"ನಮ್ಮಮ್ಮ ಇಪ್ಪತ್ತು ವರ್ಷ ಕೇಳಿದಾಳೆ. ಇವ್ರು ಎರಡು ನಿಮಿಷ ಕೇಳ್ಲಿ."

ಬೇರೆ ಹುಡುಗರು ಕಿಸಕ್ಕೆಂದು ನಕ್ಕರು. ನನಗೆ ಮುಖಕ್ಕೆ ಹೊಡೆದಂತಾಯಿತು. ಎಷ್ಟು ಸೊಕ್ಕು ಎಂದುಕೊಂಡೆ. ಅವಳ ಮಾತು ಸರಿ ಎಂದು ನನಗೆ ಆ ಕ್ಷಣವೇ ಗೊತ್ತಿತ್ತು, ಅದಕ್ಕೇ ಸಿಟ್ಟು ಜಾಸ್ತಿ ಬಂತು. ಅವತ್ತಿಂದ ಅವಳೊಂದಿಗೆ ನನ್ನದು ಕೆಲಸಕ್ಕೆ ಬೇಕಾದಷ್ಟೇ ಮಾತು. ಅರವತ್ತು ವರ್ಷದ ಹೆಂಗಸು, ಇಪ್ಪತ್ತೆರಡು ವರ್ಷದ ಹುಡುಗಿಯ ಮೇಲೆ ಮುನಿಸಿಕೊಂಡಿದ್ದೆ. ಸನ್ಮಾನ ಪತ್ರ ಬರೆದವರು ಇದನ್ನೂ ಒಂದು ಸಾಲು ಸೇರಿಸಿಕೊಳ್ಳಬಹುದು.

ಇನ್ನು ಆ ಶುಕ್ರವಾರ. ಈ ವರ್ಷ ಒಂದು ತಂಡದ ಬದಲು ಎರಡು ತಂಡಕ್ಕೆ ಪ್ರವೇಶ ಕೊಟ್ಟರು. ಡಿಸ್ಕು ಕೊಳ್ಳಲಿಲ್ಲ. ಇನ್ನೂ ಮೂವತ್ತು ಬೇಕು ಎಂದು ಜನವರಿಯಲ್ಲಿ ಬರೆದೆ, ಮಾರ್ಚಿನಲ್ಲಿ ಬರೆದೆ, ಮೇ ತಿಂಗಳಲ್ಲಿ ಬರೆದೆ. ಮೂರೂ ಅರ್ಜಿಯ ನಕಲು ನನ್ನಲ್ಲಿದೆ. ಉತ್ತರದ ಬದಲು ಆಫೀಸು ಸೂಪರಿಂಟೆಂಡೆಂಟರು ಬಂದರು. "ಅಮ್ಮಾ, ಸೋಮವಾರ ಹೊಸಬರಿಗೆ ಶೂಟಿಂಗು. ಇವತ್ತು ಸಂಜೆಯೊಳಗೆ ಹಳೇದೆಲ್ಲ ಖಾಲಿ ಆಗಿರ್ಬೇಕು. ಮೇಲಿಂದ ಹೇಳಿದಾರೆ." ಒಂದು ವರ್ಷ ಕಾಯಬೇಕೆಂಬ ಮಾತಿದೆಯಲ್ಲ ಎಂದೆ. "ಪುಸ್ತಕದಲ್ಲಿ ಇರೋದೆಲ್ಲ ಮಾಡೋಕಾಗುತ್ತಾ? ಈಜುಕೊಳದ ಫೋಟೋನೂ ಇದೆ ಅದ್ರಲ್ಲಿ" ಎಂದು ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆ? ಹನ್ನೊಂದು ದಿನ ಬಾಗಿಲಲ್ಲಿ ಕೂತವಳು, ಆ ಮಾತಿಗೆ ಯಾಕೆ ನಕ್ಕೆ?

ಇಪ್ಪತ್ತೊಂಬತ್ತು ಡಿಸ್ಕು. ಇಪ್ಪತ್ತೆಂಟು ಜನರಿಗೆ ಫೋನ್ ಮಾಡಿ ಕರೆಸಿದೆ, ಕೂರಿಸಿದೆ, ಅಳತೆ ಓದಿಸಿದೆ, ಸಹಿ ಹಾಕಿಸಿದೆ. ಕೊನೆಗೆ ಉಳಿದ ಇಪ್ಪತ್ತೊಂಬತ್ತನೆಯದು ಅವಳದು, ಹದಿನೇಳನೆಯ ನಂಬರಿನದು. ಅವಳ ಸ್ವಂತ ಡಿಸ್ಕು ಲ್ಯಾಬಿನ ಕಪಾಟಿನಲ್ಲೇ ಇತ್ತು. ಜೋಡಿಸಿ ನೋಡಿದೆ. ನೂರ ಎಂಬತ್ತಾರು ದೃಶ್ಯ, ಒಂದೊಂದಕ್ಕೂ ಅದೇ ಹೆಸರು. ಒಂದನ್ನು ಓಡಿಸಿದೆ. ನನ್ನ ಮೇಜಿನ ಮೇಲಿನ ಪುಟ್ಟ ಪರದೆಯಲ್ಲಿ ಹಬೆ ಬಂತು, ಕೈ ಬಂತು. ಸರಿ, ಹೇಳದೆ ಕೇಳದೆ ತಾನೇ ತುಂಬಿಕೊಂಡಿದ್ದಾಳೆ, ಸೊಕ್ಕಿನವಳು, ಎಂದುಕೊಂಡೆ. ಫೋನ್ ಕೈಯಲ್ಲೇ ಇತ್ತು. ಮಾಡಲಿಲ್ಲ. ಗಾತ್ರ ಎಷ್ಟಿದೆ ಎಂದು ಕೆಳಗೆ ಒಂದು ಸಾಲು ಕಣ್ಣು ಹಾಯಿಸಿದ್ದರೂ ಸಾಕಿತ್ತು. ಹಾಯಿಸಲಿಲ್ಲ. ಅಳತೆ ಓದುವುದಕ್ಕೆ ಎದುರಿಗೆ ಇನ್ನೊಂದು ಬಾಯಿ ಬೇಕು, ಆ ಬಾಯಿ ನನಗೆ ಬೇಡವಾಗಿತ್ತು. ಹದಿನೇಳನೆಯ ಡಿಸ್ಕನ್ನು ಮಧ್ಯಾಹ್ನ ನಾಲ್ಕೂಕಾಲಿಗೆ ಖಾಲಿ ಮಾಡಿದೆ.

ಅವಳ ಡಿಸ್ಕಿನಲ್ಲಿದ್ದದ್ದು ಸಣ್ಣ ಪ್ರತಿ. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಕೂತು ಕತ್ತರಿಸಲಿಕ್ಕೆಂದು ತುಂಬಿಕೊಂಡಿದ್ದಳು. ಒಂಬತ್ತು ಜಿಬಿ. ಅವಳಿದ್ದಿದ್ದರೆ "ಒಂಬತ್ತು" ಅನ್ನುತ್ತಿದ್ದಳು, ನಾನು "ನಾನೂರ ಹನ್ನೆರಡು" ಅನ್ನುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಆ ಶುಕ್ರವಾರ ಅವಳೆಲ್ಲಿದ್ದಳು ಗೊತ್ತೇ? ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಅವತ್ತು ಆ ಹನ್ನೆರಡು ಹೆಂಗಸರ ಕೊನೆಯ ಪಾಳಿ. ರಜೆಗೆ ಬರೆದು ಕೊಟ್ಟು ಹೋಗಿದ್ದಳು, ಆಫೀಸು ಮಂಜೂರೂ ಮಾಡಿತ್ತು.

ಸೋಮವಾರ ಸಂಜೆ ಬಂದಳು. "ಅಮ್ಮಾ, ಹದಿನೇಳು ಕೊಡಿ, ಮೂಲ ಜೋಡಿಸ್ತೀನಿ." ನಾನು, "ನಿನ್ನ ಡಿಸ್ಕಲ್ಲಿ ಇದೆಯಲ್ಲ?" ಅಂದೆ. ಅವಳು ನನ್ನ ಮುಖ ನೋಡಿದಳು. ಕೂಗಲಿಲ್ಲ, ಅಳಲಿಲ್ಲ. "ಅಳತೆ ಓದಿದ್ರಾ ಅಮ್ಮಾ?" ಎಂದು ಕೇಳಿದಳು. ಅಷ್ಟೇ.

ಅಳಿಸಿದ್ದನ್ನು ಮರಳಿ ತೆಗೆಯುವ ಉಪಾಯ ಇದೆ, ನಿಮ್ಮಲ್ಲಿ ಬಲ್ಲವರು ಹೇಳುತ್ತೀರಿ. ಇದೆ. ಅದರ ಮೇಲೆ ಬೇರೇನೂ ತುಂಬಿರದಿದ್ದರೆ. ಹೊಸ ತಂಡ ಮಧ್ಯಾಹ್ನದೊಳಗೇ ಅದರ ತುಂಬ ಬಸ್ ನಿಲ್ದಾಣದ ದೃಶ್ಯಗಳನ್ನು ತುಂಬಿಯಾಗಿತ್ತು. ಮತ್ತೆ ಚಿತ್ರ ತೆಗೆಯೋಣ ಎಂದರೆ ಡ್ರಮ್ಮುಗಳನ್ನು ಕಿತ್ತುಕೊಂಡು ಹೋಗಿದ್ದರು. ಅವಳು ಸಣ್ಣ ಪ್ರತಿಯಲ್ಲೇ ಚಿತ್ರ ಮುಗಿಸಿ ಒಪ್ಪಿಸಿದಳು. ಪರೀಕ್ಷಾ ಮಂಡಳಿ ಪರದೆಗೆ ಹಾಕಿ ನೋಡಿತು. ಹಬೆ ಚೌಕ ಚೌಕವಾಗಿ ಒಡೆದಿತ್ತು, ಆ ಕೈ ಕಾಣಲೇ ಇಲ್ಲ. "ನಿಗದಿತ ಗುಣಮಟ್ಟವಿಲ್ಲ, ಅನುತ್ತೀರ್ಣ" ಎಂದು ಬರೆದರು. ಒಂದು ಸ್ಟುಡಿಯೊದಲ್ಲಿ ಸಹಾಯಕ ಸಂಕಲನಕಾರಳ ಜಾಗ ಅವಳಿಗಾಗಿ ಕಾದಿದೆ. ಈ ತಿಂಗಳ ಮೂವತ್ತರೊಳಗೆ ಪ್ರಮಾಣಪತ್ರ ತಂದರೆ ಸೇರಬಹುದು. ತಾಯಿಯ ಕೆಲಸ ಹೋಗಿದೆ, ಮಗಳ ಕೆಲಸ ನಮ್ಮ ಕೈಯಲ್ಲಿದೆ. ಇವತ್ತು ತಾರೀಕು ಹದಿನಾರು.

ತಪ್ಪಾಯಿತು, ಸಂಸ್ಥೆಯ ಕಡೆಯಿಂದ ಆಯಿತು, ಎಂದು ಒಂದು ಸಾಲು ಬರೆದಿದ್ದರೆ ಮಂಡಳಿ ಒಪ್ಪುತ್ತಿತ್ತು. ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ಆದರೆ ಒಂದು ಸಾಲು ಬರೆದರೆ, ಯಾಕೆ ಅಳಿಸಿದಿರಿ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಹೇಳಿದರೆ ಎರಡು ತಂಡ, ಕೊಳ್ಳದ ಡಿಸ್ಕು, ಎಲ್ಲ ಹೊರಗೆ ಬರುತ್ತದೆ. ಆದ್ದರಿಂದ ಬೇರೆ ಸಾಲು ಬರೆದರು. ಸೂಪರಿಂಟೆಂಡೆಂಟರು ಟೈಪು ಮಾಡಿಸಿ ತಂದರು: "ಸದರಿ ವಿದ್ಯಾರ್ಥಿನಿಯು ಮೂಲ ದೃಶ್ಯಗಳನ್ನು ಸಂಸ್ಥೆಯ ವಶಕ್ಕೆ ಒಪ್ಪಿಸಿರುವುದಿಲ್ಲ." ಕೆಳಗೆ ನನ್ನ ಹುದ್ದೆ, ಸಹಿಗೆ ಜಾಗ.

"ಇದು ಸುಳ್ಳಲ್ವಾ?" ಅಂದೆ.

"ಒಂದು ಸಹಿ ಅಷ್ಟೇ ಅಮ್ಮಾ. ನಿಮ್ಮ ಫೈಲೂ ಇವತ್ತೇ ಮೇಲಕ್ಕೆ ಹೋಗ್ತಿದೆ" ಅಂದರು.

ನನ್ನ ಫೈಲು ಎಂದರೆ, ನಿವೃತ್ತಿಯ ಮೇಲೆ ಎರಡು ವರ್ಷ ಸಲಹೆಗಾರ್ತಿಯಾಗಿ ಮುಂದುವರಿಸುವ ಆದೇಶ. ಈಗ ಪ್ರಾಂಶುಪಾಲರು ಸಂತೋಷದಿಂದ ಪ್ರಕಟಿಸಿದರಲ್ಲ, ಅದೇ. ನೀವು ಚಪ್ಪಾಳೆ ತಟ್ಟಿದಿರಲ್ಲ, ಅದಕ್ಕೇ.

ಸಹಿ ಹಾಕಿದೆ.

ಯಾರೂ ನನ್ನ ಕೈ ತಿರುಚಲಿಲ್ಲ. ಹಸಿದು ಸಾಯುತ್ತಿರಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಲ್ಯಾಬಿನ ಬೀಗ ತೆಗೆದಾಗ ಒಳಗಿಂದ ಬರುವ ಆ ತಣ್ಣನೆಯ ಗಾಳಿ, ಯಂತ್ರಗಳು ಒಂದೊಂದಾಗಿ ಕಣ್ಣು ಬಿಡುವುದು, "ಅಮ್ಮಾ, ಇದು ಓಡ್ತಿಲ್ಲ", "ಅಮ್ಮಾ, ಅದು ಕಾಣ್ತಿಲ್ಲ". ಇವೆಲ್ಲ ಇಲ್ಲದ ಒಂದು ಬುಧವಾರ ಹೇಗಿರುತ್ತದೆ ಎಂದು ನನಗೆ ಯೋಚಿಸಲಿಕ್ಕೇ ಆಗಲಿಲ್ಲ. ಅದಕ್ಕೆ ಹಾಕಿದೆ.

ನಮ್ಮ ಮನೆಯವರು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಮಾಡಿ ನಿವೃತ್ತರಾದವರು. ಅಗೋ, ನಾಲ್ಕನೆಯ ಸಾಲಿನಲ್ಲಿ ಕೂತು ನೆಲ ನೋಡುತ್ತಿದ್ದಾರೆ. ಮನೆಗೆ ಹೋಗಿ ಹೇಳಿದೆ. "ಓದಿ ಹಾಕಿದ್ಯಾ?" ಎಂದು ಕೇಳಿದರು.

"ಓದಿದೆ ರೀ."

"ಓದದೆ ಹಾಕಿದ್ರೆ ದಡ್ಡಿ ಅಂತಿದ್ದೆ" ಎಂದು ಹೇಳಿ ಎದ್ದು ಹೋಗಿ ಬಟ್ಟೆ ಮಡಚತೊಡಗಿದರು. ಮೂರು ದಿನ ಕಾಫಿ ಅವರೇ ಮಾಡಿಕೊಂಡರು. ಕೆಟ್ಟದಾಗಿ ಮಾಡುತ್ತಾರೆ, ಆದರೂ.

ಹತ್ತು ದಿನ ಕಳೆದ ಮೇಲೆ ಆ ಹುಡುಗಿಯ ತಾಯಿ ಲ್ಯಾಬಿಗೆ ಬಂದರು. ಚಿತ್ರದಲ್ಲಿ ಹಬೆಯೊಳಗಿಂದ ಬರುವ ಕೈ ಅವರದೇ. ಕುರ್ಚಿ ಕೊಟ್ಟರೆ ಕೂರಲಿಲ್ಲ. ಜಗಳಕ್ಕೆ ಬಂದಿರಬೇಕು ಎಂದು ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವರು ಸುತ್ತ ನೋಡಿ, "ಇಲ್ಲೇನಾ ನನ್ನ ಮಗಳು ಕೂತ್ಕೊಳ್ತಿದ್ದಿದ್ದು?" ಅಂದರು. ಆಮೇಲೆ ಹೇಳಿದರು:

"ಅಕ್ಕಾ, ನನಗೆ ಈ ಡಿಸ್ಕು ಗಿಸ್ಕು ತಿಳಿಯಲ್ಲ. ನಮ್ಮಲ್ಲಿ ಒಂದು ಚಾದರ ಕಳೆದ್ರೆ ಪುಸ್ತಕದಲ್ಲಿ ಬರೀತಿದ್ವಿ. ಯಾರ ಕೈಯಲ್ಲಿ ಕಳೀತೋ ಅವರ ಹೆಸರು ಬರೀತಿದ್ವಿ. ಯಾವ ರೋಗಿದು ಚಾದರ ಅಂತ ನೋಡಿ ಆ ರೋಗಿ ಹೆಸರು ಬರೀತಿರ್ಲಿಲ್ಲ. ನಿಮ್ಮಲ್ಲಿ ಬೇರೆ ಥರಾನಾ?"

ನಾನು ಕುಡಿಯಲು ನೀರು ಬೇಕಾ ಎಂದು ಕೇಳಿದೆ. ಬೇಡ ಎಂದು ಹೊರಟುಹೋದರು.

ಅವರು ಹೋದ ಮೇಲೆ ನಾನು ಕೂತು ನಮ್ಮ ಸಂಸ್ಥೆಯ ಆನ್‌ಲೈನ್ ಚಾನೆಲ್ ತೆರೆದೆ. ಹೊಸ ಪ್ರವೇಶದ ಜಾಹೀರಾತಿಗೆಂದು ಹಾಕಿದ ವಿಡಿಯೊ, "ನಮ್ಮ ವಿದ್ಯಾರ್ಥಿಗಳ ಕಣ್ಣು". ಒಂದು ನಿಮಿಷ ಐವತ್ತು ಸೆಕೆಂಡು. ಎರಡು ಲಕ್ಷದ ಎಪ್ಪತ್ತು ಸಾವಿರ ಸಲ ನೋಡಿದ್ದಾರೆ. ಅದರಲ್ಲಿ ಮೊದಲಿಗೆ ಬರುವುದೇನು? ಹಬೆ. ಆಮೇಲೆ? ಕೈ, ಮೊಣಕೈ, ನಗು. ಸಣ್ಣ ಪ್ರತಿಯಲ್ಲ ಸ್ವಾಮಿ, ಮೂಲ. ಡಿಸ್ಕು ಅಳಿಸುವ ಹದಿನೈದು ದಿನ ಮೊದಲು, "ಚೆನ್ನಾಗಿರೋದು ಏನಾದ್ರೂ ಕಳಿಸಿ" ಎಂದು ಪ್ರಾಂಶುಪಾಲರು ಹೇಳಿದ್ದರು. ಹದಿನೇಳನೆಯ ಡಿಸ್ಕಿನಿಂದ ತೆಗೆದು ನಾನೇ ಕಳಿಸಿದ್ದೆ. ಮೂಲವನ್ನು ಒಪ್ಪಿಸಿಯೇ ಇಲ್ಲವಂತೆ ಆ ಹುಡುಗಿ! ಒಪ್ಪಿಸದ ಮೂಲ ನಿಮ್ಮ ಜಾಹೀರಾತಿಗೆ ಎಲ್ಲಿಂದ ಹಾರಿ ಬಂತು? ಅವಳ ತಾಯಿಯ ಕೈ ತೋರಿಸಿ ಹೊಸ ಮಕ್ಕಳನ್ನು ಕರೆಯುತ್ತೀರಿ. ಆ ಕೈ ಸಾಕಿ ಬೆಳೆಸಿದ ಮಗಳನ್ನು ಅನುತ್ತೀರ್ಣ ಎನ್ನುತ್ತೀರಿ. ಇವತ್ತಿನ ಸಭೆಗೆ ಅವಳಿಗೆ ಆಹ್ವಾನವಿಲ್ಲ. ಬಾಗಿಲಲ್ಲಿ ಉತ್ತೀರ್ಣರ ಪಟ್ಟಿ ಹಿಡಿದು ನಿಂತಿದ್ದಾರೆ.

ಒಂದು ಚೀಟಿ ಬಂತು. "ಸಮಯ" ಎಂದಿದೆ. ಗೊತ್ತು, ಅಧ್ಯಕ್ಷರೇ. ಮುಗಿಸುತ್ತಿದ್ದೇನೆ.

ಮಕ್ಕಳೇ, ವೃತ್ತಿ ಕಟ್ಟುವುದು ಹೇಗೆ ಎಂದು ಎರಡು ಮಾತು ಹೇಳಿ ಎಂದಿದ್ದರು. ಹೇಳುತ್ತೇನೆ. ಕ್ಯಾಮೆರಾ ಬದಲಾಗುತ್ತದೆ, ಯಂತ್ರ ಬದಲಾಗುತ್ತದೆ, ಇವತ್ತು ಜನ ಮುಗಿಬಿದ್ದು ನೋಡುವ ಜಾಗ ನಾಳೆ ಖಾಲಿ ಹೊಡೆಯುತ್ತದೆ. ನನ್ನ ಕಣ್ಣೆದುರು ಒಂದು ಇಡೀ ಕಸುಬು ಹೋಗಿ ಇನ್ನೊಂದು ಬಂತು, ಅದೂ ಹೋಗಿ ಮತ್ತೊಂದು ಬಂತು. ಕಲಿಯಿರಿ, ಕಲಿಯುತ್ತಲೇ ಇರಿ, ಅದೇನೂ ದೊಡ್ಡ ಕಷ್ಟವಲ್ಲ. ನಾನು ಮೂವತ್ತನಾಲ್ಕಕ್ಕೆ ಮೌಸ್ ಹಿಡಿದು ಕಲಿತೆ. ಕಷ್ಟದ್ದು ಬೇರೆ. ನೀವು ಒಳ್ಳೆಯ ಕೆಲಸದಲ್ಲಿ ಕೂತಿರುತ್ತೀರಿ, ತಣ್ಣನೆಯ ಕೋಣೆ, ಎಲ್ಲರೂ ಪ್ರೀತಿಯಿಂದ ಕರೆಯುತ್ತಾರೆ. ಆಗ ಒಬ್ಬರು ಟೈಪು ಮಾಡಿದ ಹಾಳೆ ತಂದು ಒಂದು ಸಹಿ ಅಷ್ಟೇ ಅನ್ನುತ್ತಾರೆ. ಆ ಹೊತ್ತಿಗೆ ಯಾವ ತರಗತಿಯಲ್ಲೂ ಪಾಠ ಇಲ್ಲ. ನನಗೂ ಇರಲಿಲ್ಲ, ಇದ್ದ ಒಂದು ಪಾಠವನ್ನು, ಆ ಹನ್ನೊಂದು ದಿನದ್ದನ್ನು, ನಾನೇ ಮೂಲೆಗೆ ತಳ್ಳಿದ್ದೆ. ಮತ್ತು ಕೇಳಿ, ಒಬ್ಬೊಬ್ಬರೇ ಹೋಗಿ ಬಾಗಿಲು ತಟ್ಟಿದರೆ ಅರ್ಜಿ ತೆಗೆದುಕೊಳ್ಳುತ್ತಾರೆ, ಡ್ರಾಯರಿಗೆ ಹಾಕುತ್ತಾರೆ. ಮೂವತ್ತು ಜನ ಕೂತರೆ ಫ್ಯಾನು ಬರುತ್ತದೆ. ಫೋನೊಂದಿದ್ದರೆ ಸಾಕು ಎಂದರಲ್ಲ, ಸಾಕು, ಪರವಾಗಿಲ್ಲ, ಅದೇ ಫೋನಿನಿಂದ ಪಕ್ಕದವರಿಗೆ ಒಂದು ಕರೆ ಮಾಡಿ.

ಈಗ ನಾನು ಮಾಡಿರುವುದನ್ನು ಹೇಳಿ ಕೂರುತ್ತೇನೆ. ನಿನ್ನೆ ಸಂಜೆ ಪರೀಕ್ಷಾ ಮಂಡಳಿಗೆ ನನ್ನ ಕೈಯಾರೆ ಬರೆದ ಪತ್ರ ಕೊಟ್ಟಿದ್ದೇನೆ, ಕೊಟ್ಟಿದ್ದಕ್ಕೆ ಮುದ್ರೆ ಹಾಕಿಸಿಕೊಂಡಿದ್ದೇನೆ. ಮೊದಲಿನ ಪತ್ರ ಸುಳ್ಳು, ಓದಿಯೇ ಸಹಿ ಹಾಕಿದ್ದೆ, ಹದಿನೇಳನೆಯ ಡಿಸ್ಕಿನಲ್ಲಿ ಮೂಲ ಇತ್ತು, ಅಳತೆ ಓದದೆ ಅಳಿಸಿದವಳು ನಾನು, ಅಳಿಸಲು ಹೇಳಿದವರು ಸಂಸ್ಥೆಯವರು ಎಂದು ಬರೆದಿದ್ದೇನೆ. ರಿಜಿಸ್ಟರಿನ ಆ ಪುಟದಲ್ಲಿ ಇಪ್ಪತ್ತೆಂಟು ಸಾಲಿಗೆ ಎರಡೆರಡು ಸಹಿ ಇದೆ, ಇಪ್ಪತ್ತೊಂಬತ್ತನೆಯ ಸಾಲಿಗೆ ನನ್ನದೊಂದೇ. ಅದರ ನಕಲನ್ನೂ ಲಗತ್ತಿಸಿದ್ದೇನೆ. ಎರಡು ವರ್ಷದ ಆದೇಶಕ್ಕೆ ಒಪ್ಪಿಗೆಯ ಸಹಿ ಹಾಕಿಲ್ಲ. ಪ್ರಾಂಶುಪಾಲರೇ, ಅದನ್ನು ನಿಮ್ಮ ಮುಂದಿನ ಮೇಜಿನ ಮೇಲೆ ಇಟ್ಟಿದ್ದೇನೆ, ಹೂವಿನ ಕುಂಡದ ಪಕ್ಕ. ಮಾಡಿದ ತಪ್ಪಿಗೆ ನನ್ನ ಮೇಲೆ ಕ್ರಮ ತೆಗೆದುಕೊಳ್ಳಿ, ನಾನು ತಪ್ಪಿಸಿಕೊಳ್ಳುವುದಿಲ್ಲ. ಆದರೆ ಆ ಹುಡುಗಿಯ ಪ್ರಮಾಣಪತ್ರ ಮೂವತ್ತರೊಳಗೆ ಅವಳ ಕೈಯಲ್ಲಿರಬೇಕು. ಇದರಲ್ಲಿ ಚೌಕಾಸಿ ಇಲ್ಲ.

ಮಂಡಳಿ ಬುಧವಾರ ಬೆಳಗ್ಗೆ ಸೇರುತ್ತದೆ. ಅದರ ಹಿಂದಿನ ದಿನ ನಾವು ಸೇರುತ್ತೇವೆ. ಇದು ವಿದ್ಯಾರ್ಥಿಗಳಿಗೆ, ಹಳೆಯ ವಿದ್ಯಾರ್ಥಿಗಳಿಗೆ, ತಂದೆತಾಯಿಯರಿಗೆ ಹೇಳುವ ಮಾತು. ಬರುವಾಗ ಪರಿಚಯ ಪುಸ್ತಕ ಇಟ್ಟುಕೊಂಡು ಬನ್ನಿ, ಕೊಟ್ಟ ಮಾತಿನಲ್ಲಿ ನಿಮಗೆ ಸಿಗದೆ ಹೋದದ್ದನ್ನು ಗುರುತು ಹಾಕಿ ತನ್ನಿ. ಆ ತಾಯಿ ಬರುತ್ತೇನೆ ಎಂದಿದ್ದಾರೆ. ಅವರೊಂದಿಗೆ ಒಗೆಯುವ ವಿಭಾಗದ ಉಳಿದ ಹನ್ನೊಂದು ಹೆಂಗಸರೂ ಬರುತ್ತಾರೆ. ಮಗಳು ಇನ್ನೂ ನನ್ನೊಂದಿಗೆ ಮಾತಾಡಿಲ್ಲ, ಅದು ಅವಳ ಹಕ್ಕು; ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಲ್ಯಾಬಿನ ಬೀಗದ ಕೈ ತಿಂಗಳ ಕೊನೆಯವರೆಗೆ ನನ್ನ ಬಳಿಯೇ ಇರುತ್ತದೆ, ಬಾಗಿಲು ನಾನೇ ತೆಗೆಯುತ್ತೇನೆ. ಕುರ್ಚಿ ಸಾಲದಿದ್ದರೆ ಶಬ್ದ ಮುದ್ರಣದ ಕೋಣೆಯಲ್ಲಿ ಬೇಕಾದಷ್ಟಿವೆ.

ಐದು ನಿಮಿಷ ಕೊಟ್ಟ ಅಧ್ಯಕ್ಷರಿಗೆ, ಉಳಿದದ್ದನ್ನು ತಡೆಯದ ಎಲ್ಲರಿಗೆ, ಕ್ಯಾಮೆರಾ ಆರಿಸದೆ ಹಿಡಿದು ನಿಂತ ಹುಡುಗಿಗೆ ನಾನು ಋಣಿ. ನಮಸ್ಕಾರ.

ಲ್ಯಾಬ್ ನಂಬರ್ ಎರಡು. ಮಂಗಳವಾರ, ಮಧ್ಯಾಹ್ನ ಮೂರು ಗಂಟೆ.